ಬಾಜೂಕ ನಿಂತಾಕಿ

ಹಿಂಗಾರಿ ಕಡಲೆ ಹೂ ಹಿಡಿದ ದಿನಗಳು. ಬೆಳಗಿನ ಬಿಸಿಲು ಇನ್ನೂ ಗ್ಯಾರೇಜಿನ ತಗಡಿಗೆ ತಾಗಿರಲಿಲ್ಲ. ಮಠದಿಂದ ವಿಮಾನ ಹೊತ್ತು ತಂದವರು ಅದನ್ನು ಅಂಗಳದಲ್ಲಿ ಇಳಿಸಿ ಕೈ ಬಿಟ್ಟದ್ದೇ ತಡ, ಅದರ ಬೆನ್ನು ಕಿರಗುಟ್ಟಿ ಎಡಕ್ಕೆ ವಾಲಿ ನಿಂತಿತು.

ಕುಬೇರಪ್ಪ ಕಟ್ಟೆಯ ಮೇಲಿಂದ ಅದನ್ನೇ ನೋಡಿದ. ಸತ್ತವರನ್ನು ಕುಳ್ಳಿರಿಸಿ ಹೊಲಕ್ಕೆ ಒಯ್ಯುವ ಕಬ್ಬಿಣದ ಪೀಠ ಅದು. ಕೆಳಗೆ ದಪ್ಪ ತಳ, ಮೇಲೆ ಒರಗಲು ಬೆನ್ನು, ಮೂಲೆಗಳಲ್ಲಿ ಬಾಳೆಕಂಬ ನಿಲ್ಲಿಸಲು ಕೊಳವೆಗಳು. ಅಣ್ಣಿಗೇರಿಯ ಎಷ್ಟೋ ಮಂದಿ ಅದರಲ್ಲಿ ಕೂತು ಹೋಗಿದ್ದರು. ಇವತ್ತು ಅವನ ಹೆಂಡತಿ ಶಿವಗಂಗವ್ವ ಹೋಗುವವಳಿದ್ದಳು.

ಆಕೆ ಅವನ ಬೆನ್ನ ಹಿಂದೆಯೇ, ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಹಣೆಯ ಮೇಲೆ ವಿಭೂತಿ, ಅದರ ನಡುವೆ ಕುಂಕುಮ. ಕೋಳಿ ಕೂಗುವ ಹೊತ್ತಿಗೆ ಉಸಿರು ನಿಂತಿತ್ತು. ಮೈ ಸೆಟೆಯುವ ಮೊದಲೇ ಕುಬೇರಪ್ಪ ತಾನೇ ಆಕೆಯ ಕಾಲು ಮಡಿಸಿ ಕೂಡಿಸಿ, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಮಡಚಿ ಎಡಮಗ್ಗುಲಿಗೆ ಒತ್ತಿ ಇಟ್ಟಿದ್ದ. ಲಕ್ವಾ ಹೊಡೆದಂದಿನಿಂದ ಆಕೆ ಎಡಕ್ಕೇ ವಾಲುತ್ತಿದ್ದಳು. ಇವತ್ತು ನೆಟ್ಟಗೆ ಕೂತಿದ್ದಳು.

"ನೋಡ ಯವ್ವಾ, ಹೆಂಗ ಕುಂತಾಳ," ಎಂದಳು ಬಾಜು ಮನೆಯ ರೇವವ್ವ, ಸೆರಗಿನಿಂದ ಮೂಗು ಒರಸಿಕೊಳ್ಳುತ್ತ. "ಈಗ ಎದ್ದು ಚಾ ಇಡತೇನಿ ಅಂದಾಳೇನೋ ಅನ್ನೂ ಹಂಗ ಅದಾಳ. ಮುತ್ತೈದಿಯಾಗಿ ಹೋದ್ಲು, ಪುಣ್ಯವಂತಿ."

"ಚಾ ಎಲ್ಲಿ ಇಡತಿದ್ಲು ಬೇ," ಎಂದಳು ಇನ್ನೊಬ್ಬಾಕೆ. "ಆಕಿ ಒಲಿ ಮುಂದ ನಿಂತದ್ದಕ್ಕಿಂತ ಗ್ಯಾರೇಜಿನ್ಯಾಗ ಗಂಡನ ಬಾಜೂಕ ನಿಂತದ್ದ ಹೆಚ್ಚು."

ಹೆಂಗಸರು ಅಳುತ್ತಲೇ ನಕ್ಕರು, ನಗುತ್ತಲೇ ಮತ್ತೆ ಅತ್ತರು.

ಅಂದಾನೆಪ್ಪ ಅಂಗಳದಲ್ಲಿ ವಿಮಾನದ ಸುತ್ತ ತಿರುಗುತ್ತಿದ್ದ. ಶಿವಗಂಗವ್ವನ ತಮ್ಮ, ನವಲಗುಂದದ ಕಡೆಯ ಒಕ್ಕಲುತನದವನು. ಸುದ್ದಿ ತಿಳಿದ ಕೂಡಲೇ ಮೋಟಾರ್ ಸೈಕಲ್ ಹತ್ತಿ ಬಂದಿದ್ದ, ಬಂದ ಕೂಡಲೇ ಎಲ್ಲರಿಗೂ ಕೆಲಸ ಹಚ್ಚಿದ್ದ.

"ಮಾವಾ, ತಂತಿ ಎಲ್ಲೈತಿ? ಎರಡ ಸುತ್ತ ಬಿಗದ್ರ ಮುಗೀತಿದು."

ಕುಬೇರಪ್ಪ ಕಟ್ಟೆಯಿಂದ ಇಳಿದು ಬಂದು ಮೊಣಕಾಲೂರಿ ಕುಳಿತ. ಬೆನ್ನನ್ನು ತಳಕ್ಕೆ ಕೂಡಿಸಿದ ಎಡಗಡೆಯ ಬೋಲ್ಟಿಗೆ ಕೈ ಹಚ್ಚಿದ. ಬಿಚ್ಚಲು ಪಾನಾ ಬೇಕಾಗಲಿಲ್ಲ, ಬೆರಳಿನಿಂದಲೇ ಎದ್ದು ಬಂತು. ವಾಲಿತೆಂದು ಒಬ್ಬ ಬಿಗಿದಿದ್ದ, ಅಲ್ಲಾಡಿತೆಂದು ಇನ್ನೊಬ್ಬ ಬಿಗಿದಿದ್ದ. ಸತ್ತವರ ಮನೆಯ ಗಡಿಬಿಡಿಯಲ್ಲಿ ಕೈಯ ಹದ ಯಾರಿಗಿರುತ್ತದೆ? ಬಿಗಿದು ಬಿಗಿದು ತೂತಿನೊಳಗಿನ ಥ್ರೆಡ್ಡು ಸವೆದು ನುಣ್ಣಗಾಗಿತ್ತು. ಕಿರುಬೆರಳು ಇಟ್ಟರೆ ಜಾರುತ್ತಿತ್ತು.

"ಥ್ರೆಡ್ ಹೋಗೇತಿ," ಎಂದ ಕುಬೇರಪ್ಪ. "ತೂತು ದೊಡ್ಡದು ಮಾಡಿ, ಹೊಸಾ ಥ್ರೆಡ್ ಕಡದು, ಬುಶ್ ಹಾಕಬೇಕು."

"ಇವತ್ತ?"

"ಇವತ್ತ."

"ಮಾವಾ, ಬುದ್ಧಿ ಐತೋ ಇಲ್ಲೋ ನಿನಗ? ಹೊತ್ತ ಮುಳುಗೂದರೊಳಗ ಮಣ್ಣ ಕೊಡಬೇಕು. ಅಕ್ಕ ಅಲ್ಲಿ ಗೋಡಿಗಿ ಕುಂತಾಳ, ಗಂಡ ಇಲ್ಲಿ ಪಾನಾ ಹಿಡದಾನ ಅಂತ ಮಂದಿ ಆಡಿಕೊಳ್ಳೂದಿಲ್ಲೇನು?"

"ಪಾನಾ ಅಲ್ಲೋ. ಟ್ಯಾಪು," ಎಂದು ಕುಬೇರಪ್ಪ ಎದ್ದ. "ಒಳಗ ತಗೊಂಡ ಬರ್ರಿ ಇದನ್ನ. ತಂತಿ ಕಟ್ಟಿದ್ರ ಬೆನ್ನು ನಿಂತಂಗ ಕಾಣತೈತಿ. ಹೆಗಲಿಗೆ ಏರಿಸಿ ನಾಕ ಹೆಜ್ಜಿ ನಡದ್ರ ಮತ್ತ ಎಡಕ್ಕ ಬರತೈತಿ."

ಎಡಕ್ಕೆ ಎಂಬ ಮಾತು ಆಡುವಾಗ ಅವನ ದನಿ ಸ್ವಲ್ಪ ಕೆಳಗಿಳಿಯಿತು. ಅಂದಾನೆಪ್ಪ ತಂತಿಯ ಸುರುಳಿ ಹಿಡಿದು ನಿಂತೇ ಇದ್ದ.

*

ಮದುವೆಯಾದ ಹೊಸದು. ಆಗ ಗ್ಯಾರೇಜೆಂದರೆ ಬೇವಿನ ಗಿಡ, ಅದರ ನೆರಳು, ಒಂದು ಪೆಟ್ಟಿಗೆ ಸಾಮಾನು. ಹತ್ತಿ ವ್ಯಾಪಾರಿಯೊಬ್ಬನ ಅಂಬಾಸಿಡರ್ ಬಂದಿತ್ತು. ಇಂಜಿನ್ನಿನ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಬಿಗಿಯುವ ಬೋಲ್ಟುಗಳಲ್ಲಿ ಒಂದರ ಥ್ರೆಡ್ಡು ಹೋಗಿತ್ತು. ಬೋಲ್ಟು ಸುಮ್ಮನೆ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಬ್ಲಾಕು ಇಳಿಸಿ ಹುಬ್ಬಳ್ಳಿಗೆ ಕಳಿಸಿದರೆ ವಾರಗಟ್ಟಲೆ ಕಾಯಬೇಕು. ಕುಬೇರಪ್ಪ ಇಲ್ಲೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದ. ಒಪ್ಪಿಕೊಂಡ ಮೇಲೆ ಹೆದರಿದ್ದ.

ಟ್ಯಾಪು ಅಂದರೆ ಹಲ್ಲು ಕಡಿದ ಉಕ್ಕಿನ ಕಡ್ಡಿ. ಅದರ ತಲೆಗೆ ಅಡ್ಡ ಹಿಡಿಕೆ ಹಾಕಿ ಎರಡೂ ಕೈಯಿಂದ ತಿರುಗಿಸುತ್ತ, ಥ್ರೆಡ್ಡು ಕಡಿಯುತ್ತ ತೂತಿನೊಳಗೆ ಇಳಿಸಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮೊದಲೆರಡು ಸುತ್ತು ನೆಟ್ಟಗಾದರೆ ಕಡೆಯ ತನಕ ನೆಟ್ಟಗೆ. ಮೊದಲು ಸೊಟ್ಟಾದರೆ ಬ್ಲಾಕೇ ಕೆಟ್ಟಿತು.

ಶಿವಗಂಗವ್ವ ರೊಟ್ಟಿ ಗಂಟು ತಂದು ಬಾಜೂಕ ನಿಂತಿದ್ದಳು. ಇಟ್ಟು ಹೋಗು ಎಂದು ಅವನು ತಲೆ ಎತ್ತದೆ ಅಂದಿದ್ದ. ಆಕೆ ಹೋಗಲಿಲ್ಲ.

"ಬಗ್ಗೇತ್ರಿ," ಎಂದಳು.

"ಏನು?"

"ಅದು. ನಿಮ್ಮ ಕಡಿ ಬಗ್ಗೇತಿ."

"ಇಂಜಿನ್ನಿಂದು ನಿನಗೇನ ತಿಳೀತೈತಿ?"

"ಇಂಜಿನ್ನಿಂದು ತಿಳಿಯಂಗಿಲ್ರಿ. ಬಗ್ಗಿದ್ದು ತಿಳೀತೈತಿ."

ಸಿಟ್ಟಿನಿಂದಲೇ ಎದ್ದು ಆಕೆ ನಿಂತ ಕಡೆಗೆ ಬಂದು ನೋಡಿದ. ಟ್ಯಾಪು ಅವನು ಕೂತ ಕಡೆಗೆ, ಕುಡಿದು ಬಂದವನಂತೆ ವಾಲಿತ್ತು. ತಿರುಗಿಸುವವನಿಗೆ ಎಡ ಬಲ ಕಾಣುತ್ತದೆ. ತನ್ನ ಕಡೆ ಬಂದದ್ದು, ತನ್ನಿಂದ ಆಚೆ ಹೋದದ್ದು ಕಾಣುವುದಿಲ್ಲ. ಅದನ್ನು ಬಾಜೂಕ ನಿಂತವರೇ ಹೇಳಬೇಕು. ಕೆಲಸ ಕಲಿಸಿದ ಉಸ್ತಾದ ಇದನ್ನು ಹೇಳಿಕೊಟ್ಟಿರಲಿಲ್ಲ, ಏಕೆಂದರೆ ಉಸ್ತಾದನ ಬಾಜೂಕ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು.

"ಎಲ್ಲಿ ಕಲತಿ ಇದನ್ನ?" ಎಂದು ಕೇಳಿದ.

"ಕೂರಿಗಿ ಹಿಂದ," ಎಂದಳು. ತವರಲ್ಲಿ ಕೂರಿಗೆಯ ಹಿಂದೆ ನಡೆದು ಜೋಳ ಬಿತ್ತಿದವಳು. "ಸಾಲು ಸೊಟ್ಟ ಬಿದ್ರ ಸುಗ್ಗೀತನಕ ಹಾದ್ಯಾಗ ಹೋಗೋರೆಲ್ಲ ನಗತಾರ್ರಿ. ನಮ್ಮಪ್ಪ ಬಾರಕೋಲ ತಗೋತಿದ್ದ."

ಅಂದಿನಿಂದ ಟ್ಯಾಪ್ ಹಾಕುವ ಕೆಲಸ ಬಂದರೆ ಅವನು ಮನೆಯ ಕಡೆ ಕೂಗುತ್ತಿದ್ದ. ಆಕೆ ಹಿಟ್ಟಿನ ಕೈಯಲ್ಲೋ ಒಗೆಯುವ ಕೈಯಲ್ಲೋ ಬಂದು ನಿಲ್ಲುತ್ತಿದ್ದಳು. ಬೇವಿನ ಗಿಡ ಹೋಗಿ ತಗಡಿನ ಚಪ್ಪರ ಬಂತು, ಚಪ್ಪರಕ್ಕೆ ಕಂಬ ಬಂತು, ಕಂಬದ ಬಣ್ಣ ಆಕೆ ಒರಗುವ ಜಾಗದಲ್ಲಿ ಸವೆಯಿತು. ಆಕೆಯ ಮಾತು ಮೂರೇ. ನಿಮ್ಮ ಕಡಿ ಬಂತು. ಆಚಿ ಹೋತು. ನೆಟ್ಟಗೈತಿ, ತಿರುವ್ರಿ.

ಜಗಳವಾಗಿ ಮಾತು ಬಿಟ್ಟ ದಿನವೂ ಬರುತ್ತಿದ್ದಳು. ಮೋರೆ ತಿರುಗಿಸಿ ನಿಲ್ಲುವಂತಿರಲಿಲ್ಲ, ನೋಡಲೇಬೇಕಲ್ಲ. ಆ ಮೂರು ಮಾತಿನ ಹೊರತು ಒಂದೂ ಆಡುತ್ತಿರಲಿಲ್ಲ. ಟ್ಯಾಪು ತಳ ಮುಟ್ಟುವ ಹೊತ್ತಿಗೆ ಜಗಳವೂ ಅರ್ಧ ಪುಡಿಯಾಗಿ ಉದುರಿರುತ್ತಿತ್ತು.

*

ಡ್ರಿಲ್ಲಿನ ಸದ್ದಿಗೆ ಅಂಗಳದ ಅಳು ಒಂದು ಗಳಿಗೆ ನಿಂತಿತು. ಸದ್ದು ನಿಂತ ಮೇಲೆ ಅಳು ಮತ್ತೆ ಹತ್ತಿತು. ತೂತು ದೊಡ್ಡದಾಗಿತ್ತು. ಕುಬೇರಪ್ಪ ಎರಡು ಹನಿ ಎಣ್ಣೆ ಬಿಟ್ಟು ಟ್ಯಾಪು ಇಟ್ಟ, ಅರ್ಧ ಸುತ್ತು ತಿರುಗಿಸಿದ, ಕಂಬದ ಕಡೆ ಕತ್ತೆತ್ತಿ ನೋಡಿದ.

ಕಂಬದ ಬಳಿ ಯಾರೂ ಇರಲಿಲ್ಲ.

ಹಿಡಿಕೆ ಬಿಟ್ಟು ಎದ್ದ. ಮೊಣಕಾಲು ಲಟಕ್ಕೆಂದವು. ಕಂಬದ ತನಕ ನಡೆದು ನೋಡಿದ, ವಾಲಿತ್ತು. ಬಂದು ಕೂತು ಸರಿ ಮಾಡಿದ. ಮತ್ತೆ ಎದ್ದು ಹೋಗಿ ನೋಡಿದ. ಈಗ ಆಚೆ ಹೋಗಿತ್ತು. ಟ್ಯಾಪನ್ನು ಹೊರಗೆ ತೆಗೆದ.

"ಮೂಲಿಮಟ್ಟ ಹಚ್ಚಿ ನೋಡಬಾರದೇನ ಮಾವಾ," ಎಂದ ಅಂದಾನೆಪ್ಪ, ಬಾಗಿಲಲ್ಲಿ ನಿಂತು. "ಬಡಿಗ್ಯಾರು ಅದನ್ನ ಹಚ್ಚತಾರಲ್ಲ."

"ಇಲ್ಲ."

"ಇಷ್ಟು ವರ್ಷದ ಗ್ಯಾರೇಜಿನ್ಯಾಗ ಒಂದ ಮೂಲಿಮಟ್ಟ ಇಲ್ಲ?"

"ನಿಮ್ಮಕ್ಕ ಇದ್ಲಲ್ಲೋ," ಎಂದ ಕುಬೇರಪ್ಪ.

ಆಗ ರಸ್ತೆಯ ಕಡೆಯಿಂದ ಕಿಂಯ್ ಕಿಂಯ್ ಎಂಬ ಸದ್ದು ಕೇಳಿತು. ಯಾರ ಗಾಡಿಯೆಂದು ಓಣಿಯವರೆಲ್ಲರಿಗೂ ಗೊತ್ತು. ದಾನೀಶನ ಹಳೆಯ ಅಂಬಾಸಿಡರ್. ಅವನಪ್ಪನ ಕಾಲದ್ದು, ಈಗ ಮದುವೆ ಮೆರವಣಿಗೆಗೆ ಬಾಡಿಗೆ ಹೋಗುತ್ತದೆ. ದಾನೀಶ ಬಸ್ ಸ್ಟ್ಯಾಂಡಿಗೆ ಹೋಗಿ ಕುಬೇರಪ್ಪನ ಮಗಳನ್ನು ಕರೆತಂದಿದ್ದ.

ಸೌಂದರ್ಯಾ ಕಲಘಟಗಿಯಲ್ಲಿ ಶಾಲೆಯ ಶಿಕ್ಷಕಿ. ಮೊದಲ ಬಸ್ಸಿಗೆ ಹೊರಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಗಂಡ, ಮಕ್ಕಳು ಹಿಂದಿನಿಂದ ಬರುವವರಿದ್ದರು. ಓಡಿ ಹೋಗಿ ಅವ್ವನ ತೊಡೆಯ ಮೇಲೆ ಬಿದ್ದಳು. ಅವಳ ಅಳು ತೀರುವ ತನಕ ರೇವವ್ವ ಬೆನ್ನು ಸವರಿದಳು. ಆಮೇಲೆ ತಲೆ ಎತ್ತಿ, "ಅಪ್ಪ ಎಲ್ಲಿ?" ಎಂದು ಕೇಳಿದಳು. ರೇವವ್ವ ಗ್ಯಾರೇಜಿನ ಕಡೆ ಗದ್ದ ತೋರಿಸಿದಳು.

ಕುಬೇರಪ್ಪ ಎಣ್ಣೆಗೈಯಲ್ಲಿ ಮೊಣಕಾಲೂರಿ ಕೂತಿದ್ದ.

"ಅಪ್ಪಾ, ಅವ್ವ ಅಲ್ಲಿ ಕುಂತಾಳ. ನೀವು ಇಲ್ಲೇನ ಮಾಡಾಕತ್ತೀರಿ?"

"ಬೋಲ್ಟು, ಯವ್ವಾ. ಥ್ರೆಡ್ ಹೋಗಿತ್ತು."

"ಬೋಲ್ಟಂತ ಬೋಲ್ಟು!" ಅವಳ ದನಿ ಒಡೆಯಿತು. "ಜಲ್ಮ ಪೂರಾ ಇದ ಆತು. ನನ್ನ ಅರಿಷಿಣದ ದಿನಾನೂ ಯಾರದೋ ಗಾಡಿ ತಳಗ ಹೊಕ್ಕೊಂಡಿದ್ರಿ. ಅವ್ವನ್ನೂ ತಂದು ಈ ಎಣ್ಣಿ ವಾಸನ್ಯಾಗ ನಿಂದರಿಸಿದ್ರಿ. ಇವತ್ತೊಂದಿನರ ಕೈ ತೊಳಕೊಂಡು ಬಂದು ಆಕಿ ಬಾಜೂಕ ಕುಂದರ್ರಿ ಅಪ್ಪಾ. ಒಂದಿನ."

"ಅಕ್ಕಾ, ಒಂದೀಟ ತಡೀರಿ," ಎಂದ ದಾನೀಶ.

"ನೀ ಸುಮ್ನಿರು ದಾನೀಶ."

ಕುಬೇರಪ್ಪ ಚಿಂದಿ ಬಟ್ಟೆಗೆ ಕೈ ಒರಸಿಕೊಂಡ. ಎಷ್ಟು ಒರಸಿದರೂ ಉಗುರಿನ ಸಂದಿಯ ಕಪ್ಪು ಹೋಗುವಂಥದ್ದಲ್ಲ, ಅವನಿಗೂ ಗೊತ್ತು. ಆದರೂ ಒರಸುತ್ತಲೇ ಇದ್ದ.

"ಮಾತ ಕೊಟ್ಟೇನಿ," ಎಂದ. "ನಿಮ್ಮವ್ವ ನನ್ನ ಕಡಿಂದ ಮಾತ ತಗೊಂಡಾಳ."

*

ಲಕ್ವಾ ಹೊಡೆದದ್ದು ಕಳೆದದ್ದಲ್ಲ, ಅದರ ಹಿಂದಿನ ಮಳೆಗಾಲದಲ್ಲಿ. ಎಡಗೈ, ಎಡಗಾಲು ಹೋದವು. ಬಾಯಿ ಒಂದು ಕಡೆ ಜಗ್ಗಿತು, ಮಾತು ಮಾತ್ರ ನಿಧಾನಕ್ಕೆ ತಿರುಗಿ ಬಂತು. ಅಂದಿನಿಂದ ಕುಬೇರಪ್ಪ ಟ್ಯಾಪಿನ ಕೆಲಸ ಹಿಡಿಯಲಿಲ್ಲ. ಕೇಳಿದವರಿಗೆ ಕಣ್ಣು ಸರಿಯಿಲ್ಲ ಎನ್ನುತ್ತಿದ್ದ. ಯಾರ ಕಣ್ಣು ಎಂದು ಹೇಳುತ್ತಿರಲಿಲ್ಲ.

ಯುಗಾದಿ ಮುಂದೆ ದಾನೀಶ ಬಂದ. ಅಂಬಾಸಿಡರಿನ ಡೈನಮೋವನ್ನು ಬ್ಲಾಕಿಗೆ ಹಿಡಿದಿಡುವ ಬೋಲ್ಟಿನ ತೂತು ಕೆಟ್ಟಿತ್ತು. ಕುಬೇರಪ್ಪ ಹುಬ್ಬಳ್ಳಿಗೆ ಒಯ್ಯಿ ಎಂದ. ಒಳಗಿನಿಂದ ಶಿವಗಂಗವ್ವ ಕೂಗಿದಳು.

"ಯಾಕ ಕಳಸ್ತೀರಿ? ನಾ ಇದ್ದೇನಲ್ಲ. ನನ್ನ ಕರಕೊಂಡ ಹೋಗ್ರಿ."

ಕುರ್ಚಿಯ ಸಮೇತ ಎತ್ತಿ ತಂದು ಕಂಬದ ಬಳಿ ಇಟ್ಟರು. ಜಾರಬಾರದೆಂದು ಕುಬೇರಪ್ಪ ತನ್ನ ಹೆಗಲ ಮೇಲಿನ ವಸ್ತ್ರದಿಂದ ಆಕೆಯನ್ನು ಕುರ್ಚಿಗೆ ಕಟ್ಟಿದ. ಕಟ್ಟಿದರೂ ಎಡಕ್ಕೆ ವಾಲಿದ್ದಳು. ತಾನು ವಾಲಿದ್ದೇನೆಂದು ಆಕೆಗೆ ತಿಳಿಯುತ್ತಿರಲಿಲ್ಲ.

ಬ್ಲಾಕು ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಬೀಡಿಗೆ ಎಣ್ಣೆ ಬೇಡ, ಒಣಗಿದ್ದನ್ನೇ ಕಡಿಯಬೇಕು. ಕಪ್ಪು ಪುಡಿ ಉದುರುತ್ತದೆ. ಕುಬೇರಪ್ಪ ಟ್ಯಾಪು ಇಟ್ಟು ಅರ್ಧ ಸುತ್ತು ತಿರುಗಿಸಿ ಕತ್ತೆತ್ತಿದ.

"ಆಚಿ ಹೋಗೇತ್ರಿ. ನಿಮ್ಮ ಕಡಿ ತಗೊಳ್ರಿ."

ಹೋಗಿರಲಿಲ್ಲ. ಎರಡೂ ಅಂಗೈಗೆ ಭಾರ ಒಂದೇ ಸಮನೆ ಬರುತ್ತಿತ್ತು. ಸೊಟ್ಟ ಎಷ್ಟೆಂದು ತಿಳಿಯದಿದ್ದರೂ ನೆಟ್ಟಗಿದ್ದುದು ಇಷ್ಟು ವರ್ಷದ ಕೈಗೆ ತಿಳಿಯುತ್ತದೆ. ಶಿವಗಂಗವ್ವನ ಹಿಂದೆ ನಿಂತಿದ್ದ ದಾನೀಶನಿಗೂ ಕಂಡಿತು. ಹೇಳಲು ಬಾಯಿ ತೆರೆದ. ಕುಬೇರಪ್ಪ ಅವನನ್ನು ನೋಡಿದ. ದಾನೀಶ ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆ ತಿರುಗಿ ನಿಂತ, ಅಲ್ಲಿ ಏನೋ ಹೊಸದು ಹೊರಟಿದೆಯೇನೋ ಎಂಬಂತೆ.

ಕುಬೇರಪ್ಪ ಟ್ಯಾಪನ್ನು ತನ್ನ ಕಡೆ ಎಳೆದ.

"ಇನ್ನೊಂದೀಟ."

ಎಳೆದ.

"ಹಾಂ. ನೆಟ್ಟಗೈತಿ. ತಿರುವ್ರಿ."

ಕಡೆಯ ತನಕ ತಿರುವಿದ. ಆಕೆ ಬಲಗೈಯಿಂದ ಕುರ್ಚಿಯ ಹಿಡಿಕೆ ತಟ್ಟಿ, "ನನ್ನ ಕಣ್ಣು ಇನ್ನೂ ಹೋಗಿಲ್ಲ ನೋಡ್ರಿ," ಎಂದಳು. ಆ ದಿನ ಒಂದು ರೊಟ್ಟಿ ಪೂರ್ತಿ ಉಂಡಳು.

ಸೊಟ್ಟ ಬೋಲ್ಟಿನ ತಲೆಯ ಕೆಳಗೆ ಕುಬೇರಪ್ಪ ಒಂದು ಕಡೆ ಅರದಿಂದ ತಿಕ್ಕಿ ತೆಳ್ಳಗೆ ಮಾಡಿದ ವಾಶರ್ ಹಾಕಿ ಹೊಂದಿಸಿದ. ಡೈನಮೋ ನಿಂತಿತು, ಬೆಲ್ಟು ಮಾತ್ರ ಓರೆಯಾಗಿ ಓಡತೊಡಗಿತು. ಗಾಡಿ ಶುರುವಾದರೆ ಕಿಂಯ್ ಕಿಂಯ್. ಮತ್ತೆ ತಂದರೆ ಸರಿ ಮಾಡುತ್ತೇನೆಂದು ಕುಬೇರಪ್ಪ ಗುಟ್ಟಾಗಿ ಹೇಳಿದರೂ ದಾನೀಶ ತರಲೇ ಇಲ್ಲ.

"ಯಾರ ಗಾಡೀರಿ ಅದು, ಅಳಕೋಂತ ಹೊಂಟೈತಿ?" ಎಂದು ಶಿವಗಂಗವ್ವ ಹಾಸಿಗೆಯಿಂದ ಕೇಳುತ್ತಿದ್ದಳು. ಯಾರದೋ ಎನ್ನುತ್ತಿದ್ದ. ಒಂದು ಸಂಜೆ ಕೇಳಲಿಲ್ಲ, ತಾನೇ ಅಂದಳು.

"ದಾನೀಶಂದು."

ಕುಬೇರಪ್ಪ ಆಕೆಯ ಕಾಲ ಮೇಲೆ ಕೌದಿ ಎಳೆದು ಹೊದಿಸಿದ.

"ನಿಮಗ ಗೊತ್ತಿತ್ತು."

"ಹೂಂ."

"ಮತ್ಯಾಕ ತಿರುವಿದ್ರಿ?"

"ನೀ ಅಂದೆಲ್ಲ."

ಆಕೆ ಅರ್ಧ ಬಾಯಿಯಲ್ಲಿ ನಕ್ಕಳು. "ಹಂಗಾದ್ರ ವಾಲಿದಾಕಿ ನಾನ. ನನಗ ನೆಟ್ಟಗ ಕುಂತಂಗ ಅನಸ್ತೈತ್ರಿ. ಖರೇನೂ ಹಂಗ ಅನಸ್ತೈತಿ." ಅವನು ದಿಂಬು ಸರಿಸಲು ಬಾಗಿದಾಗ ಬಲಗೈಯಿಂದ ಅವನ ಕೈ ಹಿಡಿದಳು. "ಒಂದ ಮಾತ ಕೊಡ್ರಿ. ಇದ್ದಾಗಂತೂ ಇನ್ನ ಆಗೂದಿಲ್ಲ. ಹೋಗುವಾಗ ನನ್ನ ನೆಟ್ಟಗ ಕುಂದರಿಸಿ ಕಳಸ್ರಿ. ಸೊಟ್ಟ ಸಾಲಿನಂಗ ಊರ ಮಂದಿ ಮುಂದ ಹೋಗಬಾರದು ನಾ."

"ಬಿಡ ಆ ಮಾತ."

"ಕೊಡ್ರಿ."

ಕೊಟ್ಟ.

*

ಸೌಂದರ್ಯಾ ಕೇಳುತ್ತ ಕೇಳುತ್ತ ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕುಸಿದು ಕೂತಿದ್ದಳು. ಹೇಳಿ ಮುಗಿಸಿದ ಕುಬೇರಪ್ಪ ಮತ್ತೆ ಟ್ಯಾಪಿಗೆ ಕೈ ಹಾಕಿದ. ಸೌಂದರ್ಯಾ ಎದ್ದು ಮುಖ ಒರಸಿಕೊಂಡಳು.

"ಎಲ್ಲಿ ನಿಂದರ್ಲಿ?"

ಅವನು ತಲೆ ಎತ್ತಿ ನೋಡಿದ.

"ಅಲ್ಲೆ. ಕಂಬದ ಕಡೆ."

ಕಂಬಕ್ಕೆ ಒರಗಿ ನಿಂತಳು. ಬಣ್ಣ ಸವೆದ ಜಾಗ ಅವಳ ಹೆಗಲಿಗೆ ಸರಿಯಾಗಿ ಬಂತು. ಅವನು ಅರ್ಧ ಸುತ್ತು ತಿರುಗಿಸಿದ.

"ನನಗ ತಿಳೀವಲ್ತು ಅಪ್ಪಾ. ನೆಟ್ಟಗ ಕಾಣತೈತಿ. ಸೊಟ್ಟನೂ ಕಾಣತೈತಿ."

"ಟ್ಯಾಪ್ ಒಂದನ್ನ ನೋಡಬ್ಯಾಡ. ಅದರ ಹಿಂದ ನಮ್ಮ ಪಡಸಾಲಿ ಬಾಗಲದ ಚೌಕಟ್ಟು ಕಾಣತೈತಲ್ಲ, ಅದಕ್ಕ ಹೊಂದಿಸಿ ನೋಡು. ಒಂದ ಕಣ್ಣು ಮುಚ್ಚು. ನಿಮ್ಮವ್ವ ಹಂಗ ನೋಡತಿದ್ಲು."

ಸೌಂದರ್ಯಾ ಒಂದು ಕಣ್ಣು ಮುಚ್ಚಿದಳು. ಟ್ಯಾಪಿನಾಚೆ ಬಾಗಿಲ ಚೌಕಟ್ಟು, ಚೌಕಟ್ಟಿನೊಳಗೆ ಗೋಡೆಗೆ ಒರಗಿದ ಅವ್ವನ ಹಸಿರು ಸೀರೆ. ಮೂರೂ ಒಂದೇ ಸಾಲಿನಲ್ಲಿ ಬಂದವು. ತೆರೆದ ಕಣ್ಣಿನಿಂದ ನೀರು ಇಳಿಯಿತು. ಒರಸಿ ಮತ್ತೆ ನೋಡಿದಳು.

"ನಿಮ್ಮ ಕಡಿ ಬಂತು."

ಕುಬೇರಪ್ಪನ ಕೈ ಒಂದು ಗಳಿಗೆ ನಿಂತಿತು. ಅಂಗಳದಲ್ಲಿ ರೇವವ್ವ, "ಕೇಳಿದ್ರೇನಬೇ," ಎಂದು ಬಾಜೂದಾಕೆಯ ಮೊಣಕೈ ತಿವಿದಳು. ಹೆಂಗಸರು ಸದ್ದು ನಿಲ್ಲಿಸಿ ಗ್ಯಾರೇಜಿನ ಕಡೆ ತಿರುಗಿದರು.

"ಆಚಿ ಹೋತು. ಒಂದೀಟ... ಇನ್ನೊಂದೀಟ..."

ಅಂದಾನೆಪ್ಪ ಬಾಗಿಲಲ್ಲಿ ನಿಂತವನು ತಂತಿಯ ಸುರುಳಿಯನ್ನು ಮೆಲ್ಲಗೆ ಗೋಡೆಯ ಮೊಳೆಗೆ ನೇತುಹಾಕಿದ.

"ಹಾಂ," ಎಂದಳು ಸೌಂದರ್ಯಾ. "ನೆಟ್ಟಗೈತಿ. ತಿರುವ್ರಿ."

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕಬ್ಬಿಣದ ಸುರುಳಿಗಳು ಎದ್ದು ಬಿದ್ದವು. ಟ್ಯಾಪು ತಳ ಮುಟ್ಟಿತು. ಒಳಗೂ ಹೊರಗೂ ಥ್ರೆಡ್ಡು ಇದ್ದ ಬುಶ್ಶನ್ನು ಕುಬೇರಪ್ಪ ಬೆರಳಿನಿಂದ ಹಚ್ಚಿ, ಪಾನಾದಿಂದ ಕೂಡಿಸಿ, ಅದರೊಳಗೆ ಬೋಲ್ಟು ಇಳಿಸಿದ. ಕಡೆಗೆ ಬಿಗಿಯುವಾಗ ಉಸಿರು ಹಿಡಿದು ಹದಕ್ಕೆ ನಿಲ್ಲಿಸಿದ. ವಿಮಾನದ ಬೆನ್ನನ್ನು ಎರಡೂ ಕೈಯಿಂದ ಅಲುಗಿಸಿದ. ಅಲುಗಲಿಲ್ಲ.

"ಇನ್ನ ನಾನೂ ಇದರಾಗ ಕುಂತ ಹೋಗಾಕ ಅಡ್ಡಿಯಿಲ್ಲ ನೋಡ ಮಾವಾ," ಎಂದ ಅಂದಾನೆಪ್ಪ, ಮೂಗು ಏರಿಸಿಕೊಳ್ಳುತ್ತ.

"ನಿನಗ ತಂತಿ ಸಾಕು," ಎಂದ ಕುಬೇರಪ್ಪ.

*

ಕುಬೇರಪ್ಪ ಕೈ ತೊಳೆದುಕೊಂಡು ಬಂದು ಹೆಂಡತಿಯ ಬಾಜೂಕ ಕೂತ. ಐನೋರು ಬರುವ ತನಕ ಏಳಲಿಲ್ಲ. ಸೌಂದರ್ಯಾ ಇನ್ನೊಂದು ಮಗ್ಗುಲಿಗೆ ಕೂತಿದ್ದಳು.

ಮಧ್ಯಾಹ್ನ ಇಳಿದ ಮೇಲೆ ಎತ್ತಿದರು. ಬಾಳೆಕಂಬ, ಚೆಂಡುಹೂವಿನ ಮಾಲೆ, ನಡುವೆ ಶಿವಗಂಗವ್ವ. ಮುಂದೆ ಭಜನೆಯವರು, ಅವರ ಮುಂದೆ ದಾನೀಶನ ಗಾಡಿ, ಅದರ ಮೇಲೆ ಮೈಕು. ಮೈಕಿನಲ್ಲಿ ಭಜನೆ ನಿಂತಾಗಲೆಲ್ಲ ಕಿಂಯ್ ಕಿಂಯ್ ಕೇಳುತ್ತಿತ್ತು.

"ಆ ಬೆಲ್ಟೊಂದ ರಿಪೇರಿ ಮಾಡಸಬಾರದೇನಲೇ?" ಎಂದು ಅಂದಾನೆಪ್ಪ ಗಾಡಿಯ ಕಿಟಕಿಗೆ ಬಾಗಿ ಬೈದ. "ಮದವಿ ಗಾಡಿಯಂತ ಹೆಸರು, ದನಿ ಕೇಳಿದ್ರ ಮದುಮಗ ಓಡಿ ಹೋದಾನು."

"ಅದು ಶಿವಗಂಗವ್ವ ಕಾಕೀ ಕೆಲಸ್ರಿ," ಎಂದ ದಾನೀಶ, ಮುಂದೆಯೇ ನೋಡುತ್ತ. "ಯಾರಿಗೂ ಮುಟ್ಟಾಕ ಕೊಡಂಗಿಲ್ಲ."

ಹೊಲ ರೈಲಿನ ಹಳಿಯಾಚೆ. ಗೇಟು ಹಾಕಿತ್ತು. ಹೊತ್ತವರು ವಿಮಾನವನ್ನು ರಸ್ತೆಯ ಮೇಲೆ ಇಳಿಸಿದರು. ಇಳಿಸುವಾಗ ಒಬ್ಬನ ಕೈ ಜಾರಿ ತಳ ದಡ್ಡೆಂದು ನೆಲಕ್ಕೆ ಬಡಿಯಿತು. ಎಲ್ಲರೂ ಹಾ ಎಂದರು. ಬೆನ್ನು ಅಲುಗಲಿಲ್ಲ, ಶಿವಗಂಗವ್ವ ಅಲುಗಲಿಲ್ಲ. ರೈಲು ಹಾಯಿತು. ಕಿಟಕಿಯಲ್ಲಿದ್ದವರು ಹೂವಿನ ನಡುವೆ ನೆಟ್ಟಗೆ ಕೂತ ಹೆಣ್ಣುಮಗಳನ್ನು ಕಂಡು ಕೈ ಮುಗಿದರು.

"ರೈಲಿನ ಮಂದೀನೂ ನೋಡಿತವ್ವಾ ನಿನ್ನ," ಎಂದಳು ರೇವವ್ವ.

ಕಡಲೆಯ ನಡುವೆ ಕುಣಿ ತೋಡಿದ್ದರು. ಎರೆಮಣ್ಣು ಗುದ್ದಲಿಯ ಏಟಿಗೆ ಬೆಲ್ಲದ ಅಚ್ಚಿನಂತೆ ಕಡಿದು ನಿಂತಿತ್ತು. ಅಂದಾನೆಪ್ಪ ಕೆಳಗಿಳಿದು ಅಕ್ಕನನ್ನು ಎದೆಗಾನಿಸಿ ಇಳಿಸಿಕೊಂಡ. ಬಿಲ್ವದ ಎಲೆಯ ಮೇಲೆ ಕೂಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎರಡೂ ಹೆಗಲು ಹಿಡಿದ. ವಿಮಾನವಿಲ್ಲ, ಕೌದಿಗಳಿಲ್ಲ.

ಐನೋರು ಮಂತ್ರ ಮುಗಿಸಿ, "ಆತಿನ್ನ. ವಿಭೂತಿ ತುಂಬ್ರಿ," ಎಂದರು.

"ತಡೀರಿ," ಎಂದ ಕುಬೇರಪ್ಪ.

ಅವನು ಆ ತನಕ ಆಕೆಯ ಎದುರಿಗೆ ನಿಂತಿದ್ದ. ಅಲ್ಲಿಂದ ಎಡ ಬಲ ಕಾಣುತ್ತಿತ್ತು, ಅದು ಸರಿಯಿತ್ತು. ಕುಣಿಯ ಅಂಚು ಹಿಡಿದು ಮೆಲ್ಲಗೆ ನಡೆದು ಮಗ್ಗುಲಿಗೆ ಬಂದ. ಸೌಂದರ್ಯಾ ಕೈ ಹಿಡಿದಳು. ಮೊಣಕಾಲೂರಿ, ಅದೂ ಸಾಲದೆ ನೆಲಕ್ಕೆ ಅಂಗೈಯೂರಿ ತಲೆ ತಗ್ಗಿಸಿದ. ಆಕೆಯ ಹಿಂದೆ ಕುಣಿಯ ಮೂಲೆಯಲ್ಲಿ ಗುದ್ದಲಿ ಕಡಿದ ನೆಟ್ಟನೆಯ ಗೆರೆ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿದ.

"ನಿನ್ನ ಕಡಿ ಬಂದಾಳ, ಅಂದಾನಿ."

ಅಂದಾನೆಪ್ಪ ಹೆಗಲನ್ನು ಒಂದಿಷ್ಟು ಹಿಂದಕ್ಕೆ ಒತ್ತಿದ.

"ಆಚಿ ಹೋದ್ಲು. ಒಂದೀಟ ತಗೋ. ಇನ್ನೊಂದೀಟ."

ಭಜನೆಯವರು ತಾಳ ಹಿಡಿದು ನಿಂತಿದ್ದರು. ಬದುವಿನಾಚೆ ದಾನೀಶ ಗಾಡಿ ಬಂದ್ ಮಾಡಿದ್ದ. ಕಡಲೆಯ ಹೂವಿನಲ್ಲಿ ಜೇನುಹುಳದ ಸದ್ದಷ್ಟೇ ಇತ್ತು.

"ಹಾಂ," ಎಂದ ಕುಬೇರಪ್ಪ. "ನೆಟ್ಟಗದಾಳ."

ವಿಭೂತಿ ಬಿತ್ತು, ಬಿಲ್ವ ಬಿತ್ತು, ಹಿಡಿ ಹಿಡಿಯಾಗಿ ಮಣ್ಣು ಬಿತ್ತು. ಹೊತ್ತು ಹಳಿಯಾಚೆ ಇಳಿಯುತ್ತಿತ್ತು. ಹೀಗೆ ಪುಷ್ಯದ ಒಂದು ಸೋಮವಾರ ಶಿವಗಂಗವ್ವ ಹೋದಳು. ಮಂದಿಯೆಲ್ಲ ಕೈ ಝಾಡಿಸಿಕೊಂಡು ಬದು ಹತ್ತಿದ ಮೇಲೂ ಕುಬೇರಪ್ಪ ಬಾಜೂಕ ಹಾಗೆಯೇ ಕೂತಿದ್ದ, ಒಂದು ಕಣ್ಣು ಮುಚ್ಚಿಕೊಂಡು.